ಕಳೆದುಹೋದ ಮೊಲದ ಜಾಡು: ಆಸ್ವಾಲ್ಡ್ ಕಾರ್ಟೂನುಗಳ ಬಗ್ಗೆ ಓದುಗರ ಪ್ರಶ್ನೆಗಳು

ಮಿಕ್ಕಿ ಮೌಸ್ ಹುಟ್ಟುವುದಕ್ಕೂ ಮುಂಚೆ ವಾಲ್ಟ್ ಡಿಸ್ನಿ 'ಆಸ್ವಾಲ್ಡ್ ದಿ ಲಕ್ಕಿ ರ‍್ಯಾಬಿಟ್' ಎಂಬ ಮೊಲವನ್ನಿಟ್ಟುಕೊಂಡು ಮೂಕಿ ಕಾರ್ಟೂನುಗಳನ್ನು ಮಾಡಿದ್ದರು. ಅವುಗಳಲ್ಲಿ ಕೆಲವು ಇಂದಿಗೂ ಸಿಕ್ಕಿಲ್ಲ ಎಂದು ಹೋದ ಸಂಚಿಕೆಯಲ್ಲಿ ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ವಿಷಯ ಕೇಳಿದವರನ್ನು ಒಂದೇ ಪ್ರಶ್ನೆಯಡಿ ಸೇರಿಸಿದ್ದೇವೆ.

ಈ ಸರಣಿಯಲ್ಲಿ ಒಟ್ಟು ಎಷ್ಟು ಚಿತ್ರಗಳಿದ್ದವು? ಸಿಗದೆ ಉಳಿದವು ಯಾವುವು? — ಮೈಸೂರು

ಡಿಸ್ನಿ ಸ್ಟುಡಿಯೊ 1927 ಮತ್ತು 28ರಲ್ಲಿ ತಯಾರಿಸಿದವು 26. ಹಂಚಿಕೆ ಯೂನಿವರ್ಸಲ್ ಕಂಪನಿಯದು. ಮೊದಲು ಬರೆದದ್ದು 'ಪುವರ್ ಪಾಪಾ'. ಅದು ಯೂನಿವರ್ಸಲ್‌ನವರಿಗೆ ಹಿಡಿಸದೆ ಪಕ್ಕಕ್ಕಿಟ್ಟರು, 1928ರಲ್ಲಷ್ಟೇ ಹೊರಗೆ ಬಿಟ್ಟರು. ಹಾಗಾಗಿ ಪರದೆಯ ಮೇಲೆ ಮೊದಲು ಬಂದದ್ದು 'ಟ್ರಾಲಿ ಟ್ರಬಲ್ಸ್', 1927ರ ಸೆಪ್ಟೆಂಬರ್ 5ರಂದು. ಟ್ರಾಮ್ ಓಡಿಸುವ ಮೊಲ, ಗಾಡಿ ಹತೋಟಿ ತಪ್ಪಿದಾಗ ತನ್ನದೇ ಕಾಲನ್ನು ಕಳಚಿ ಅದೃಷ್ಟಕ್ಕೆಂದು ಮೈಗೆ ಸವರಿಕೊಳ್ಳುತ್ತದೆ. ಅಮೆರಿಕದಲ್ಲಿ ಮೊಲದ ಕಾಲು ಅದೃಷ್ಟದ ತಾಯಿತ. ಆ ನಂಬಿಕೆಯನ್ನು ಮೊಲದ ಕೈಗೇ ಕೊಟ್ಟ ಈ ಒಂದು ದೃಶ್ಯ ಸಾಕು, ಆಸ್ವಾಲ್ಡ್ ಅವನ ಕಾಲದ ಬೇರೆ ಕಾರ್ಟೂನುಗಳಿಗಿಂತ ಹೇಗೆ ಮೇಲು ಎಂದು ಅರ್ಥವಾಗಲು.

2007ರಲ್ಲಿ ಡಿಸ್ನಿ ಕಂಪನಿ ಡಿವಿಡಿ ಹೊರತಂದಾಗ ಅದರಲ್ಲಿ ಹಾಕಲು ಒದಗಿದವು 13. ಆಮೇಲೆ 'ಹಂಗ್ರಿ ಹೋಬೋಸ್', 'ಎಂಪ್ಟಿ ಸಾಕ್ಸ್', 'ಸ್ಲೇ ಬೆಲ್ಸ್' ಸಿಕ್ಕವು, 'ನೆಕ್ ಅಂಡ್ ನೆಕ್' ಅರ್ಧಂಬರ್ಧ ಸಿಕ್ಕಿತು. 'ದಿ ಬ್ಯಾಂಕರ್ಸ್ ಡಾಟರ್', 'ರಿಕೆಟಿ ಜಿನ್', 'ಹೇರಮ್ ಸ್ಕೇರಮ್', 'ಸೇಜ್‌ಬ್ರಶ್ ಸೇಡಿ' ಇವು ಕಾಣೆಯಾದವರ ಪಟ್ಟಿಯಲ್ಲೇ ಇವೆ. ಒಂದು ಮಾತು ನೆನಪಿರಲಿ. 'ಕಳೆದುಹೋಗಿದೆ' ಎಂದರೆ ಯಾವ ಸಂಗ್ರಹಾಲಯದ ಪಟ್ಟಿಯಲ್ಲೂ ಆ ಹೆಸರಿನ ಪ್ರತಿ ಇಲ್ಲ ಎಂದಷ್ಟೇ ಅರ್ಥ. ಪ್ರತಿಯೇ ಇಲ್ಲ ಎಂದಲ್ಲ. ಮುಂದಿನ ಉತ್ತರಗಳೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿವೆ.

ತಾವೇ ಮಾಡಿದ ಪಾತ್ರ ಡಿಸ್ನಿಯವರ ಕೈತಪ್ಪಿದ್ದು ಹೇಗೆ? — ದಾವಣಗೆರೆ

ಪಾತ್ರದ ಹಕ್ಕು ಮೊದಲಿಂದಲೂ ಅವರದಾಗಿರಲೇ ಇಲ್ಲ. ಒಪ್ಪಂದ ಆಗಿದ್ದು ಯೂನಿವರ್ಸಲ್ ಮತ್ತು ಮಧ್ಯವರ್ತಿ ನಿರ್ಮಾಪಕ ಚಾರ್ಲ್ಸ್ ಮಿಂಟ್ಸ್ ನಡುವೆ. ಡಿಸ್ನಿ ಮಿಂಟ್ಸ್‌ಗೆ ಮಾಡಿಕೊಡುವವರು. ಒಂದು ಚಿತ್ರಕ್ಕೆ 2,250 ಡಾಲರ್ ಬರುತ್ತಿತ್ತು. 1928ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೋಗಿ 2,500 ಕೇಳಿದರೆ ಮಿಂಟ್ಸ್ ಇದ್ದದ್ದನ್ನೂ ಇಳಿಸುವ ಮಾತಾಡಿದರು. ಅಷ್ಟರಲ್ಲಿ ಸ್ಟುಡಿಯೊದ ಬಹುಪಾಲು ಕಲಾವಿದರನ್ನು ತಮ್ಮ ಕಡೆಗೆ ಸೆಳೆದುಕೊಂಡೂ ಆಗಿತ್ತು. ಆದರೆ ಮುಖ್ಯ ಚಿತ್ರಕಾರ ಅಬ್ ಐವರ್ಕ್ಸ್ ಡಿಸ್ನಿಯವರನ್ನು ಬಿಟ್ಟು ಹೋಗಲಿಲ್ಲ. ಮಿಕ್ಕಿ ಹುಟ್ಟಿದ್ದು ಅವರ ಪೆನ್ಸಿಲಿನಿಂದ. ಆಸ್ವಾಲ್ಡ್‌ನನ್ನು ಮಿಂಟ್ಸ್ ಒಂದು ವರ್ಷ ನಡೆಸಿದರು, 1929ರಲ್ಲಿ ಅದು ಕಾರ್ಟೂನುಗಾರ ವಾಲ್ಟರ್ ಲಾಂಟ್ಸ್ ಕೈಗೆ ಹೋಯಿತು. ಡಿಸ್ನಿ ಕಂಪನಿಗೆ ಹಕ್ಕು ವಾಪಸ್ಸಾದದ್ದು 2006ರಲ್ಲಿ. ತನ್ನ ಬಳಿಯಿದ್ದ ಕ್ರೀಡಾ ವೀಕ್ಷಕ ವಿವರಣೆಗಾರ ಆಲ್ ಮೈಕಲ್ಸ್ ಅವರನ್ನು, ಆ ಹೊತ್ತಿಗೆ ಯೂನಿವರ್ಸಲ್ ಜತೆ ಒಂದೇ ಸಂಸ್ಥೆಯಾಗಿದ್ದ ಎನ್‌ಬಿಸಿ ಟಿವಿ ವಾಹಿನಿಗೆ ಬಿಟ್ಟುಕೊಟ್ಟು ಮಾಡಿದ ವಿನಿಮಯದಲ್ಲಿ.

ಕಾಣೆಯಾದ ಕಥೆಗೂ ಈ ವ್ಯವಹಾರಕ್ಕೂ ನೇರ ಸಂಬಂಧವಿದೆ. ಮಾಡಿದವರ ಬಳಿ ಹಕ್ಕಿರಲಿಲ್ಲ, ಹಕ್ಕಿದ್ದವರಿಗೆ ಹಳೆಯ ಕಂತು ಬೇಕಿರಲಿಲ್ಲ. ಜೋಪಾನ ಮಾಡುವ ಹೊಣೆ ಯಾರದೂ ಆಗಲಿಲ್ಲ.

ನೈಟ್ರೇಟ್ ಫಿಲಂ ಹೊತ್ತಿಕೊಂಡು ಹೋದದ್ದರಿಂದಲೇ ಇಷ್ಟೆಲ್ಲ ನಷ್ಟವಾಯಿತೇ? — ಬೆಂಗಳೂರು, ಕಲಬುರಗಿ

ಬೆಂಕಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮನುಷ್ಯರೇ.

ಮೂಕಿ ಕಾಲದ ಟಾಕೀಸುಗಳಿಗೆ ಹೋಗುತ್ತಿದ್ದ 35 ಎಂಎಂ ಅಗಲದ ಪ್ರಿಂಟುಗಳೆಲ್ಲ ನೈಟ್ರೇಟ್ ಫಿಲಂ ಮೇಲಿದ್ದವು. ಅದರ ತಳದ ಪಟ್ಟಿಯೇ ನೈಟ್ರೊಸೆಲ್ಯುಲೋಸ್. ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಬಿಡುಗಡೆ ಮಾಡಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹೊಸ ಫಿಲಂ ಹೊತ್ತಿಕೊಳ್ಳಲು 130 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ಆದರೆ ಕೊಳೆತ ಫಿಲಂ ಮುಚ್ಚಿದ ಡಬ್ಬಿಯಲ್ಲಿ ದಿನಗಟ್ಟಲೆ 41 ಡಿಗ್ರಿಯ ಸುತ್ತಮುತ್ತ ಇದ್ದರೂ ತಾನಾಗಿ ಹೊತ್ತಿಕೊಳ್ಳಬಹುದು. ನಮ್ಮ ಕಲಬುರಗಿ, ರಾಯಚೂರುಗಳ ಬೇಸಿಗೆಯೇ ಆ ಮಟ್ಟ ಮುಟ್ಟುತ್ತದೆ.

ಹೊತ್ತಿಕೊಳ್ಳದಿದ್ದರೂ ಅದು ಕೊಳೆಯುತ್ತದೆ. ಮೊದಲು ಚಿತ್ರ ಮಾಸಿ ಪಟ್ಟಿ ಹಳದಿಗಟ್ಟುತ್ತದೆ. ಆಮೇಲೆ ಚಿತ್ರದ ಪದರ ಅಂಟಂಟಾಗಿ ಸುತ್ತುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಮೂರನೆಯ ಹಂತದಲ್ಲಿ ಗುಳ್ಳೆ ಎದ್ದು ಕಂದು ರಸ ಒಸರುತ್ತದೆ, ಮೂಗಿಗೆ ಬಡಿಯುವ ವಾಸನೆ ಬರುತ್ತದೆ. ನಾಲ್ಕನೆಯದರಲ್ಲಿ ಇಡೀ ರೀಲು ಒಂದೇ ಗಟ್ಟಿ. ಕೊನೆಗೆ ಕಂದು ಪುಡಿ. ಮೊದಲ ಎರಡು ಹಂತದಲ್ಲಿದ್ದರೆ ಪ್ರಯೋಗಾಲಯದಲ್ಲಿ ಪ್ರತಿ ತೆಗೆಯಬಹುದು, ಮೂರನೆಯದರಲ್ಲಿ ಅಲ್ಲಲ್ಲಿ ಒಂದಷ್ಟು ಫ್ರೇಮು (ಫಿಲಂ ಮೇಲಿನ ಬಿಡಿ ಚಿತ್ರ) ಉಳಿದಿರಬಹುದು. ಅಲ್ಲಿಂದ ಮುಂದೆ ದಾರಿಯಿಲ್ಲ.

ಆದರೆ ಕೊಳೆಯುವ ಮುಂಚೆಯೇ ಬಹಳಷ್ಟನ್ನು ಕೈಯಾರೆ ನಾಶ ಮಾಡಿದರು. 1927ರ ಕೊನೆಯ ಹೊತ್ತಿಗೆ ಮಾತಿನ ಚಿತ್ರ ಬಂತು. ಎರಡು ವರ್ಷದೊಳಗೆ ಮೂಕಿ ಕಾರ್ಟೂನಿಗೆ ಬಾಡಿಗೆ ಕೊಡುವವರೇ ಇಲ್ಲವಾದರು. ಬೆಂಕಿಯ ಭಯಕ್ಕೆ ಉಗ್ರಾಣದ ಬಾಡಿಗೆ, ವಿಮೆ ದುಬಾರಿ. ಫಿಲಂ ಪದರದಲ್ಲಿ ಬೆಳ್ಳಿಯ ಅಂಶವಿದೆ, ಕರಗಿಸಿದರೆ ಕಾಸು ಬರುತ್ತದೆ. ಯೂನಿವರ್ಸಲ್ ತನ್ನಲ್ಲಿ ಉಳಿದಿದ್ದ ಮೂಕಿ ಚಿತ್ರಗಳ ಬಹುಪಾಲನ್ನು 1948ರಲ್ಲಿ ಹೀಗೆ ವಿಲೇವಾರಿ ಮಾಡಿತು. ಅಮೆರಿಕದ ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಸಂಪೂರ್ಣವಾಗಿ ಉಳಿದವು ಶೇಕಡ 14ರಷ್ಟು ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು. ನಾಯಕ ನಾಯಕಿಯರಿದ್ದ ದೊಡ್ಡ ಚಿತ್ರಗಳ ಗತಿಯೇ ಇದು. ಮುಖ್ಯ ಚಿತ್ರಕ್ಕೆ ಮುಂಚೆ ಆರು ನಿಮಿಷ ಓಡುತ್ತಿದ್ದ ಕಾರ್ಟೂನನ್ನು ಯಾರು ಕೇಳಬೇಕು?

ಒಂದು ಕಾರ್ಟೂನಿಗೆ ಎಷ್ಟು ಚಿತ್ರ ಬರೆಯಬೇಕಿತ್ತು? ಆ ಮೂಲ ಹಾಳೆಗಳಾದರೂ ಉಳಿದಿಲ್ಲವೇ? — ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಲೆಕ್ಕ ಸುಲಭ. 35 ಎಂಎಂ ಫಿಲಂನಲ್ಲಿ ಅಡಿಗೆ 16 ಫ್ರೇಮು. ಕಾರ್ಟೂನು 600 ಅಡಿ ಇದ್ದರೆ 9,600 ಫ್ರೇಮು. ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮು ಹಿಡಿಯುವುದು ವಾಡಿಕೆಯಾಗಿತ್ತು, ಹಾಗಾಗಿ 4,800 ಚಿತ್ರ. ನಡೆಯುವ, ಓಡುವ ಚಲನೆಗಳನ್ನು ಒಮ್ಮೆ ಬರೆದು ಸುತ್ತಿಸಿ ಸುತ್ತಿಸಿ ಬಳಸುತ್ತಿದ್ದರು, ಅದರಿಂದ ನಿಜವಾಗಿ ಬರೆಯಬೇಕಾದ್ದು ಇನ್ನೂ ಕಡಿಮೆ. ಎರಡು ವಾರಕ್ಕೊಂದು ಚಿತ್ರ ಮುಗಿಸಬೇಕಿದ್ದ ಪುಟ್ಟ ಸ್ಟುಡಿಯೊಗೆ ಇದು ಸಣ್ಣ ಕೆಲಸವಲ್ಲ.

ಹಾಳೆಗಳು ಕದಲದಂತೆ ಅಂಚಿನಲ್ಲಿ ತೂತು ಹಾಕಿ ಮೇಜಿನ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಈ ಗೂಟದ ಪದ್ಧತಿಯನ್ನು ಬಳಕೆಗೆ ತಂದವರು ರಾವುಲ್ ಬಾರೆ. ಕಾಗದದ ಮೇಲಿನ ಪೆನ್ಸಿಲ್ ಗೆರೆಯನ್ನು ಪಾರದರ್ಶಕ ಸೆಲ್ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು ಒಂದೊಂದೇ ಫ್ರೇಮು ತೆಗೆಯುವುದು. ಸೆಲ್‌ನ ಪೇಟೆಂಟ್ ಅರ್ಲ್ ಹರ್ಡ್ ಅವರದು, 1914–15ರ ಸುಮಾರಿನದು. ಅದು ಬರುವ ಮುನ್ನ ಪ್ರತಿ ಹಾಳೆಯಲ್ಲೂ ಹಿನ್ನೆಲೆಯನ್ನು ಮತ್ತೆ ಬರೆಯಬೇಕಿತ್ತು, ಇಲ್ಲವೇ ಹಾಳೆಯನ್ನು ಕತ್ತರಿಸಿ ಜೋಡಿಸಬೇಕಿತ್ತು.

ಮೂಲ ಹಾಳೆಗಳ ವಿಷಯ ನೋವಿನದು. ಸೆಲ್ ದುಬಾರಿಯಾದ್ದರಿಂದ ಚಿತ್ರೀಕರಣ ಮುಗಿದ ಮೇಲೆ ಶಾಯಿ, ಬಣ್ಣ ತೊಳೆದು ಮುಂದಿನ ಚಿತ್ರಕ್ಕೆ ಬಳಸುತ್ತಿದ್ದರು. ಗೀರು ಹೆಚ್ಚಾದ ಮೇಲೆ ಎಸೆಯುತ್ತಿದ್ದರು. ತೊಳೆಯದೆ ಉಳಿದ ಸೆಲ್ಲುಗಳೂ ನೈಟ್ರೇಟೇ, ಅವೂ ಹಳದಿಗಟ್ಟಿ ಸುರುಟಿಕೊಂಡವು. ಹಾಗಾಗಿ ಫಿಲಂ ಹೋದರೆ ಕಾರ್ಟೂನು ಹೋದಂತೆಯೇ.

ನೀವು ಅಭ್ಯಾಸಕ್ಕೆ ನೋಡಬೇಕಾದ್ದು 1928ರ 'ರೈವಲ್ ರೋಮಿಯೋಸ್'. ಅದರಲ್ಲಿ ಒಂದು ಮೇಕೆ ಸಂಗೀತದ ಹಾಳೆಯನ್ನು ತಿಂದುಬಿಡುತ್ತದೆ, ಅದರ ಬಾಲ ಹಿಡಿದು ತಿರುಗಿಸಿದರೆ ಬಾಯಿಂದ ಸ್ವರಗಳು ಹೊರಡುತ್ತವೆ. ಅದೇ ವರ್ಷ ಮಿಕ್ಕಿಯ 'ಸ್ಟೀಮ್‌ಬೋಟ್ ವಿಲ್ಲಿ'ಯಲ್ಲಿ ಅದೇ ಮೇಕೆ, ಅದೇ ಬಾಲ, ಈ ಬಾರಿ ನಿಜವಾದ ಸದ್ದಿನೊಂದಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಫ್ರೇಮು ಫ್ರೇಮಾಗಿ ನೋಡಿ. ಮೊದಲನೆಯದರಲ್ಲಿ ಸ್ವರಗಳನ್ನು ಗಾಳಿಯಲ್ಲಿ ಬರೆದು ತೋರಿಸಬೇಕಾಗಿದೆ.

ಸಿಕ್ಕವು ಎಲ್ಲಿ ಸಿಕ್ಕವು, ಹೇಗೆ ಸಿಕ್ಕವು? — ಉಡುಪಿ, ಮುಂಬಯಿ, ಶಿವಮೊಗ್ಗ

ನಾಲ್ಕು ಚಿತ್ರ, ನಾಲ್ಕು ಬಗೆ. ಯಾವುದೂ ಅಮೆರಿಕದಲ್ಲಿ ಸಿಕ್ಕಿದ್ದಲ್ಲ ಎಂಬುದನ್ನು ಗಮನಿಸಿ.

'ಹಂಗ್ರಿ ಹೋಬೋಸ್' ಇದ್ದದ್ದು ಇಂಗ್ಲೆಂಡಿನ ಹಂಟ್ಲಿ ಎಂಬ ಖಾಸಗಿ ಫಿಲಂ ಸಂಗ್ರಹದಲ್ಲಿ. 2011ರಲ್ಲಿ ಗುರುತು ಸಿಕ್ಕಿತು, ಅದೇ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನ ಬಾನಮ್ಸ್ ಹರಾಜಿನಲ್ಲಿ 31,250 ಡಾಲರಿಗೆ ಹೋಯಿತು. ಡಿಸ್ನಿ ಕಂಪನಿಯ ಕೈ ಸೇರಿ, ಶುದ್ಧಗೊಂಡು 2012ರಲ್ಲಿ ಟೆಲುರೈಡ್ ಚಿತ್ರೋತ್ಸವದಲ್ಲಿ ಪರದೆ ಕಂಡಿತು. 

'ಎಂಪ್ಟಿ ಸಾಕ್ಸ್' ಡಿಸ್ನಿಯವರ ಕ್ರಿಸ್‌ಮಸ್ ಕಾರ್ಟೂನು, 1927ರದು. ಅನಾಥಾಲಯದ ಮಕ್ಕಳಿಗಾಗಿ ಮೊಲ ಸಾಂತಾಕ್ಲಾಸ್ ವೇಷ ಹಾಕುವ ಕಥೆ. ಅದರ ಅರ್ಧ ನಿಮಿಷಕ್ಕೂ ಕಡಿಮೆಯ ತುಣುಕೊಂದೇ ಉಳಿದಿದೆ ಎಂದುಕೊಂಡಿದ್ದರು. ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದವರು ತಮ್ಮ ಹಳೆಯ ನೈಟ್ರೇಟ್ ದಾಸ್ತಾನು ಪಟ್ಟಿ ಮಾಡುವಾಗ ಸರಿಯಾದ ಚೀಟಿಯಿಲ್ಲದ ರೀಲುಗಳು ಸಿಕ್ಕವು. ಅದೇ ಇದು ಎಂದು ಖಚಿತವಾಗಿದ್ದು 2014ರಲ್ಲಿ. ಸುಮಾರು ಐದೂವರೆ ನಿಮಿಷ ಇದೆ, ನಡುವಿನ ಒಂದಷ್ಟು ಭಾಗ ಮಾತ್ರ ಇಲ್ಲ. ಆ ದಾಸ್ತಾನು ಇರುವುದು ಧ್ರುವ ಪ್ರದೇಶದ ಸಮೀಪದ ಮೊ ಇ ರಾನಾ ಎಂಬ ಊರಿನಲ್ಲಿ. ಹಂಚಿಕೆಯ ಪ್ರಿಂಟುಗಳು ದೇಶ ದೇಶ ಸುತ್ತಿ ಕೊನೆಯ ಊರಿನಲ್ಲೇ ಉಳಿಯುತ್ತಿದ್ದವು. ವಾಪಸು ಕಳಿಸುವ ಹಡಗು ಬಾಡಿಗೆ ಚಿತ್ರದ ಬೆಲೆಗಿಂತ ಹೆಚ್ಚು! ಇನ್ನು ಅಲ್ಲಿನ ತಂಪು ಫಿಲಂಗೆ ಒಳ್ಳೆಯದು.

'ಸ್ಲೇ ಬೆಲ್ಸ್' ಲಂಡನ್ನಿನ ಬಿಎಫ್ಐ (ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್) ರಾಷ್ಟ್ರೀಯ ಸಂಗ್ರಹದಲ್ಲೇ ವರ್ಷಗಟ್ಟಲೆ ಇತ್ತು. ಹೆಸರು ಅಲ್ಲಿನ ಪಟ್ಟಿಯಲ್ಲೂ ಇತ್ತು. ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಚಿತ್ರ ಎಂದು ಸಂಶೋಧಕರೊಬ್ಬರು ಆನ್‌ಲೈನ್ ಪಟ್ಟಿ ಜಾಲಾಡಿ ಗುರುತಿಸುವವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. 2015ರ ಡಿಸೆಂಬರಿನಲ್ಲಿ ಮರುಪ್ರದರ್ಶನ ಕಂಡಿತು. ನಮ್ಮ ಮಟ್ಟಿಗೆ ನಾಲ್ಕರಲ್ಲಿ ಅತಿ ಮುಖ್ಯವಾದ ಪಾಠ ಇದೇ. ಅಟ್ಟ ಹತ್ತುವ ಮೊದಲು ಪಟ್ಟಿ ಓದಿ.

'ನೆಕ್ ಅಂಡ್ ನೆಕ್' ಜಪಾನಿನದು. ಒಸಾಕಾದಲ್ಲಿ ಒಬ್ಬ ಹುಡುಗ 500 ಯೆನ್ ಕೊಟ್ಟು ಕೊಂಡಿದ್ದ 16 ಎಂಎಂ ಸುರುಳಿ ಅದು. ಆತ ಮುಂದೆ ಅನಿಮೇಷನ್ ಇತಿಹಾಸಕಾರರಾದರು, ಸುರುಳಿ ಅವರ ಮನೆಯಲ್ಲೇ ಇತ್ತು. ಡಬ್ಬಿಯ ಮೇಲೆ ಜಪಾನಿ ಭಾಷೆಯಲ್ಲಿ 'ಮಿಕ್ಕಿ' ಎಂದು ಬರೆದಿತ್ತು. ಆ ಹೆಸರಿನ ಹಿಂದೆ ಆಸ್ವಾಲ್ಡ್ ಅಡಗಿದ್ದಾನೆ ಎಂದು ಗೊತ್ತಾದದ್ದು 2018ರಲ್ಲಿ. ಸಿಕ್ಕಿದ್ದು ಸುಮಾರು ಎರಡು ನಿಮಿಷ ಮಾತ್ರ. ಕಾರಣ ಸುರುಳಿಯ ಅಳತೆ. 16 ಎಂಎಂನಲ್ಲಿ ಅಡಿಗೆ 40 ಫ್ರೇಮು. ಇಡೀ ಕಾರ್ಟೂನು ಹಿಡಿಯಲು 240 ಅಡಿ ಬೇಕು. ಮನೆಬಳಕೆಗೆ ಮಾರುತ್ತಿದ್ದದ್ದು 50 ಅಡಿ, 100 ಅಡಿಯ ಸುರುಳಿಗಳು. 100 ಅಡಿಯಲ್ಲಿ 4,000 ಫ್ರೇಮು, ಅಂದರೆ ಅರ್ಧಕ್ಕೂ ಕಡಿಮೆ. ಓಟ, ಬೆನ್ನಟ್ಟುವಿಕೆ ಇರುವ ಭಾಗ ಆಯ್ದು ಉಳಿದದ್ದನ್ನು ಬಿಟ್ಟು ಮಾರುತ್ತಿದ್ದರು.

ಆದರೂ ಈ ತುಂಡು ಸುರುಳಿಗಳಿಗೆ ನಾವು ಋಣಿಗಳು. 16 ಎಂಎಂ, 9.5 ಎಂಎಂ ಮನೆಬಳಕೆಯ ಫಿಲಂಗಳನ್ನು ಮೊದಲಿನಿಂದಲೂ ಬೆಂಕಿ ಹತ್ತದ ಸೇಫ್ಟಿ ಫಿಲಂ ಮೇಲೇ ತಯಾರಿಸಿದರು. ಟಾಕೀಸಿನ ಪ್ರಿಂಟು ಸುಟ್ಟುಹೋದ ಎಷ್ಟೋ ಕಾರ್ಟೂನುಗಳು ಮಕ್ಕಳ ಆಟಿಕೆ ಪೆಟ್ಟಿಗೆಯಲ್ಲಿ ಬದುಕಿವೆ.

ಶೀರ್ಷಿಕೆಯೇ ಇಲ್ಲದ ತುಣುಕು ಸಿಕ್ಕರೆ ಇದೇ ಚಿತ್ರ ಎಂದು ಹೇಳುವುದು ಹೇಗೆ? — ಹಾಸನ

ಶೀರ್ಷಿಕೆ ಇದ್ದರೂ ನಂಬಬಾರದು. ಹಳೆಯ ಕಾರ್ಟೂನುಗಳನ್ನು ಕೊಂಡವರು ಹೊಸ ಹೆಸರು ಅಂಟಿಸಿ ಮಾರುತ್ತಿದ್ದರು. ಡಿಸ್ನಿ 1922ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮಾಡಿದ 'ಲಾಫ್-ಓ-ಗ್ರಾಂ' ಕಥೆಗಳು ಹೀಗೇ ಬೇರೆ ಹೆಸರಿನಡಿ ಸಂಗ್ರಹಗಳಲ್ಲಿದ್ದು, ಕಳೆದುಹೋಗಿವೆ ಎಂದು ದಶಕಗಳ ಕಾಲ ಎಣಿಸಲಾಗಿತ್ತು.

ಮೊದಲು ಫಿಲಂನ ಅಂಚು ನೋಡಿ. 10 ಪಟ್ಟಿನ ಭೂತಗನ್ನಡಿ ಸಾಕು. ಕೊಡಕ್ ಕಂಪನಿ 1916ರಿಂದ ತನ್ನ ಫಿಲಂ ಅಂಚಿನಲ್ಲಿ ವರ್ಷಕ್ಕೊಂದು ಗುರುತು ಹಾಕುತ್ತಿತ್ತು. 1916ಕ್ಕೆ ಒಂದು ವೃತ್ತ, 1917ಕ್ಕೆ ಒಂದು ಚೌಕ, 1918ಕ್ಕೆ ಒಂದು ತ್ರಿಕೋನ, ಆಮೇಲೆ ಇವುಗಳ ಜೋಡಿಗಳು. 20 ವರ್ಷಕ್ಕೊಮ್ಮೆ ಗುರುತುಗಳು ಮರುಕಳಿಸುತ್ತವೆ. ಹಾಗಾಗಿ ಒಂದೇ ಗುರುತು 1927 ಇರಬಹುದು, 1947 ಅಥವಾ 1967 ಇರಬಹುದು. ಫಿಲಂ ನೈಟ್ರೇಟ್ ಆಗಿದ್ದರೆ 1967 ಬಿಟ್ಟುಹೋಯಿತು, ಏಕೆಂದರೆ 1950ರ ದಶಕದ ಆರಂಭಕ್ಕೇ ಅದರ ತಯಾರಿಕೆ ನಿಂತಿತು. ಈ ಗುರುತು ಹೇಳುವುದು ಖಾಲಿ ಫಿಲಂ ತಯಾರಾದ ವರ್ಷವನ್ನು, ಚಿತ್ರ ತಯಾರಾದ ವರ್ಷವನ್ನಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಪ್ರಿಂಟು ತೆಗೆಯುವಾಗ ನೆಗೆಟಿವ್‌ನ ಅಂಚಿನ ಗುರುತೂ ಅದರಲ್ಲಿ ಮೂಡಬಹುದು. ತಿಳಿಯಾದ ಅಂಚಿನಲ್ಲಿ ಕಪ್ಪಕ್ಷರ ಇದ್ದರೆ ಅದು ಕೈಯಲ್ಲಿರುವ ಪ್ರಿಂಟಿನದೇ ಗುರುತು. ಕಪ್ಪಾದ ಅಂಚಿನಲ್ಲಿ ತಿಳಿ ಅಕ್ಷರ ಇದ್ದರೆ ಅದು ನೆಗೆಟಿವ್‌ನಿಂದ ಇಳಿದು ಬಂದದ್ದು. ಎರಡೂ ಇದ್ದರೆ ಎರಡನ್ನೂ ಬರೆದುಕೊಳ್ಳಿ. ನೆಗೆಟಿವ್ ಯಾವಾಗಿನದು, ಪ್ರಿಂಟು ಯಾವಾಗಿನದು, ಎರಡೂ ತಿಳಿಯುತ್ತವೆ.

ಆಮೇಲೆ ಕಥೆ. ಆ ಕಾಲದಲ್ಲಿ ಹಕ್ಕು ನೋಂದಣಿಗೆ ಕಳಿಸಿದ ಫಿಲಂ ಪ್ರತಿಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಿರಲಿಲ್ಲ, ಕಥಾಸಾರದ ಕಾಗದವನ್ನು ಇಟ್ಟುಕೊಳ್ಳುತ್ತಿತ್ತು. 'ಫಿಲ್ಮ್ ಡೈಲಿ', 'ಮೋಷನ್ ಪಿಕ್ಚರ್ ನ್ಯೂಸ್'ನಂಥ ವ್ಯಾಪಾರ ಪತ್ರಿಕೆಗಳು ಪ್ರತಿ ಕಾರ್ಟೂನಿಗೂ ನಾಲ್ಕಾರು ಸಾಲಿನ ವಿಮರ್ಶೆ ಹಾಕುತ್ತಿದ್ದವು. ಅವುಗಳ ಹಳೆಯ ಸಂಚಿಕೆಗಳು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ತುಣುಕಿನಲ್ಲಿ ಕಾಣುವ ಘಟನೆಗಳನ್ನು ಕ್ರಮವಾಗಿ ಬರೆದು ಅದರೊಂದಿಗೆ ಹೋಲಿಸಬೇಕು. ಒಂದೇ ಒಂದು ತಮಾಷೆ ಹೊಂದಿದರೆ ಸಾಲದು, ಆ ಕಾಲದವರು ಒಂದೇ ತಮಾಷೆಯನ್ನು ನಾಲ್ಕು ಚಿತ್ರದಲ್ಲಿ ಬಳಸುತ್ತಿದ್ದರು. ಮೂರು ಘಟನೆ ಅದೇ ಕ್ರಮದಲ್ಲಿ ಬಂದರೆ ಭರವಸೆ ಇಡಬಹುದು.

ನಮ್ಮ ಅಜ್ಜನವರ ಕಾಲದ ಕೆಲವು ಫಿಲಂ ಡಬ್ಬಿಗಳು ಅಟ್ಟದಲ್ಲಿವೆ. ಒಂದರಿಂದ ವಿನೆಗರ್ ವಾಸನೆ ಬರುತ್ತದೆ. ಏನು ಮಾಡಬೇಕು? — ಶಿರಸಿ

ಪ್ರೊಜೆಕ್ಟರಿಗೆ ಹಾಕಬೇಡಿ. ಯಾರು ಎಷ್ಟೇ ಹೇಳಿದರೂ ಹಾಕಬೇಡಿ. ಒಣಗಿ ಕುಗ್ಗಿದ ಫಿಲಂನ ತೂತುಗಳು ಹಲ್ಲಿನ ಚಕ್ರಕ್ಕೆ ಕೂರದೆ ಉದ್ದಕ್ಕೂ ಹರಿಯುತ್ತವೆ. ನೈಟ್ರೇಟ್ ಆಗಿದ್ದರೆ ದೀಪದ ಬಿಸಿಗೆ ಹೊತ್ತಿಕೊಳ್ಳುತ್ತದೆ.

ಡಬ್ಬಿಗಳನ್ನು ನೆರಳಿರುವ ಬಯಲು ಜಾಗಕ್ಕೆ ತನ್ನಿ. ಒಲೆ, ದೇವರ ದೀಪ, ಬೀಡಿ ಸಿಗರೇಟು ಹತ್ತಿರ ಇರಬಾರದು. ಕೈಗವಸು ಹಾಕಿ ಒಂದೊಂದೇ ತೆರೆಯಿರಿ, ಮುಖ ದೂರವಿಟ್ಟುಕೊಳ್ಳಿ. ಮುಚ್ಚಳ ತುಕ್ಕು ಹಿಡಿದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಅಂಚಿನ ಸುತ್ತ ನಿಧಾನವಾಗಿ ಮೀಟಿ. ತೆರೆಯುವ ಮುನ್ನವೇ ಮುಚ್ಚಳದ ಮೇಲಿನ ಬರಹ, ಚೀಟಿಗಳ ಫೋಟೊ ತೆಗೆಯಿರಿ. ತುಕ್ಕು ಹಿಡಿದ ಡಬ್ಬಿಯನ್ನೂ ಎಸೆಯಬೇಡಿ, ಅದರ ಮೇಲಿನ ಒಂದು ಊರಿನ ಹೆಸರು, ಒಂದು ಅಂಕಿ ಆಮೇಲೆ ಇಡೀ ಗುರುತಿಗೆ ಆಧಾರವಾಗಬಹುದು.

ಈಗ ಅಗಲ ಅಳೆಯಿರಿ. 35 ಎಂಎಂ ಆಗಿದ್ದು ಎರಡೂ ಅಂಚಿನಲ್ಲಿ ಫ್ರೇಮಿಗೆ ನಾಲ್ಕು ತೂತು ಇದ್ದರೆ ಅದು ಟಾಕೀಸಿನ ಫಿಲಂ, ಬೇರೆ ಏನು ಗೊತ್ತಾಗುವವರೆಗೂ ನೈಟ್ರೇಟ್ ಎಂದೇ ಭಾವಿಸಿ. ಅಂಚಿನಲ್ಲಿ 'ಸೇಫ್ಟಿ' ಎಂದಿದ್ದರೂ ಅದು ನೆಗೆಟಿವ್‌ನಿಂದ ಇಳಿದದ್ದಲ್ಲ ಎಂದು ಹಿಂದಿನ ಉತ್ತರದಲ್ಲಿ ಹೇಳಿದಂತೆ ಪರೀಕ್ಷಿಸಿ. ತುಂಡು ಕತ್ತರಿಸಿ ಬೆಂಕಿ ಹಚ್ಚಿ ನೋಡುವ ಹಳೆಯ ಉಪಾಯ ಅಪಾಯಕಾರಿ. 16 ಎಂಎಂ ಆಗಿದ್ದರೆ ನೆಮ್ಮದಿ. ಎರಡೂ ಬದಿ ತೂತಿದ್ದರೆ ಮೂಕಿ ಸುರುಳಿ, ಒಂದೇ ಬದಿ ಇದ್ದರೆ ಸಾಮಾನ್ಯವಾಗಿ ಧ್ವನಿಯದು. ಎರಡು ಫ್ರೇಮುಗಳ ನಡುವೆ ಮಧ್ಯದಲ್ಲಿ ಒಂದೇ ತೂತಿದ್ದರೆ ಅದು ಪಾಥೆ ಕಂಪನಿ 1922ರಲ್ಲಿ ತಂದ 9.5 ಎಂಎಂ.

ನಿಮ್ಮ ವಿನೆಗರ್ ವಾಸನೆಯ ಡಬ್ಬಿ ಅಸಿಟೇಟ್ ಸೇಫ್ಟಿ ಫಿಲಂ. ತಳದ ಪಟ್ಟಿ ಒಡೆದು ಅಸಿಟಿಕ್ ಆಮ್ಲ ಹೊರಬರುತ್ತಿದೆ. ಸ್ಫೋಟದ ಭಯವಿಲ್ಲ, ಆದರೆ ಆ ಆವಿ ಪಕ್ಕದ ಒಳ್ಳೆಯ ರೀಲುಗಳನ್ನೂ ಕೆಡಿಸುತ್ತದೆ. ಅದನ್ನು ಇಂದೇ ಬೇರೆ ಮಾಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಆಮ್ಲ ಒಳಗೇ ಕೂಡಿ ಕೊಳೆಯುವುದು ಇನ್ನೂ ಜೋರಾಗುತ್ತದೆ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಮಲಗಿಸಿ, ಮನೆಯ ತಂಪಾದ ಒಣ ಮೂಲೆಯಲ್ಲಿಡಿ. ಅಟ್ಟ ಆ ಜಾಗವಲ್ಲ, ಹೆಂಚಿನ ಕೆಳಗೆ ಬಿಸಿ ಹೆಚ್ಚು, ಮಳೆಗಾಲದಲ್ಲಿ ತೇವವೂ ಹೆಚ್ಚು.

ಎಷ್ಟು ಕುಗ್ಗಿದೆ ಎಂದು ಸ್ಕೇಲಿನಲ್ಲೇ ಅಳೆಯಬಹುದು. 35 ಎಂಎಂ ಪ್ರಿಂಟಿನಲ್ಲಿ ಒಂದು ತೂತಿನ ಅಂಚಿನಿಂದ 101ನೆಯ ತೂತಿನ ಅದೇ ಅಂಚಿಗೆ 475 ಮಿಲಿಮೀಟರ್ ಇರಬೇಕು. 470 ಬಂದರೆ ಶೇಕಡ 1ರಷ್ಟು ಕುಗ್ಗಿದೆ. 16 ಎಂಎಂ ಆದರೆ ಆ ಅಂತರ 762, ಶೇಕಡ 1 ಕುಗ್ಗಿದರೆ 754ರ ಹತ್ತಿರ. ಅದಕ್ಕಿಂತ ಹೆಚ್ಚು ಕುಗ್ಗಿದ್ದಕ್ಕೆ ವಿಶೇಷ ಸ್ಕ್ಯಾನರ್ ಬೇಕು. ಇದನ್ನು ಮೊದಲೇ ತಿಳಿಸಿದರೆ ಸಂಗ್ರಹಾಲಯದವರಿಗೆ ಕೆಲಸ ಸುಲಭ.

ಸುತ್ತುಗಳು ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಬಿಡಿಯಾಗಿದ್ದರೆ ಮೊದಲ ಎರಡು ಮೂರು ಅಡಿ ಬಿಡಿಸಿ, ಫೋನಿನ ಬಿಳಿ ಪರದೆಯ ಮೇಲೆ ತೆಳು ಕಾಗದ ಹಾಸಿ, ಅದರ ಮೇಲೆ ಫಿಲಂ ಹಿಡಿದು ಇನ್ನೊಂದು ಫೋನಿನಲ್ಲಿ ಅಂಚು ಸಮೇತ ಫೋಟೊ ತೆಗೆಯಿರಿ. ಅಂಚು ಕತ್ತರಿಸಿಹೋದ ಫೋಟೊದಿಂದ ಏನೂ ತಿಳಿಯುವುದಿಲ್ಲ. ಆ ಫೋಟೊಗಳ ಜತೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ಬರೆಯಿರಿ. ನೈಟ್ರೇಟ್ ಅನುಮಾನವಿದ್ದರೆ ಅಂಚೆ, ಕೊರಿಯರ್, ಬಸ್ಸು, ರೈಲಿನಲ್ಲಿ ಕಳಿಸಬೇಡಿ. ಸಾಗಿಸುವ ವ್ಯವಸ್ಥೆಯನ್ನು ಅವರೇ ಹೇಳಲಿ.

ಅಂತರ್ಜಾಲದಲ್ಲಿ ಸಿಗುವ ಕೆಲವು ಆಸ್ವಾಲ್ಡ್ ಚಿತ್ರಗಳಲ್ಲಿ ಎಡಬದಿ ಕತ್ತರಿಸಿದಂತಿದೆ, ಕೆಲವು ವಿಪರೀತ ವೇಗವಾಗಿ ಓಡುತ್ತವೆ. ಏಕೆ? — ಮಂಗಳೂರು

ಯೂನಿವರ್ಸಲ್ 1930ರ ದಶಕದ ಆರಂಭದಲ್ಲಿ ಕೆಲವು ಆಸ್ವಾಲ್ಡ್ ಚಿತ್ರಗಳಿಗೆ ಸಂಗೀತ ಸೇರಿಸಿ ಮರುಬಿಡುಗಡೆ ಮಾಡಿತು. ಮೂಕಿ ಫ್ರೇಮು ಎರಡು ಸಾಲು ತೂತುಗಳ ನಡುವಿನ ಪೂರ್ತಿ ಅಗಲವನ್ನು ಬಳಸುತ್ತದೆ. ಧ್ವನಿಪಟ್ಟಿಗೆ ಎಡಗಡೆ ಜಾಗ ಬೇಕಾದಾಗ ಚಿತ್ರದ ಆ ಭಾಗವನ್ನೇ ಮುಚ್ಚಿದರು. ನೀವು ನೋಡಿದ್ದು ಅಂಥ ಪ್ರಿಂಟಿನಿಂದ ತೆಗೆದ ಪ್ರತಿ. ಹೋದ ಭಾಗ ಬೇಕೆಂದರೆ ಮೂಕಿ ಪ್ರಿಂಟೇ ಸಿಗಬೇಕು. 'ಇದು ಆಗಲೇ ಸಿಕ್ಕಿದೆಯಲ್ಲ' ಎಂದು ಎರಡನೆಯ ಪ್ರತಿಯನ್ನು ಕಡೆಗಣಿಸಬಾರದು ಎನ್ನುವುದು ಇದಕ್ಕೇ.

ವೇಗದ ವಿಷಯ: 600 ಅಡಿಯನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ 6 ನಿಮಿಷ 40 ಸೆಕೆಂಡು, 20ರಂತೆ ಓಡಿಸಿದರೆ 8 ನಿಮಿಷ. ಮೂಕಿ ಕಾಲದಲ್ಲಿ ಒಂದೇ ನಿಗದಿತ ವೇಗ ಇರಲಿಲ್ಲ. ನೋಡುವ ತಂತ್ರಾಂಶದಲ್ಲಿ 0.85ರ ಆಸುಪಾಸಿಗೆ ಇಳಿಸಿ ನೋಡಿ, ನಡಿಗೆ ಸಹಜವಾಗುವ ಕಡೆ ನಿಲ್ಲಿಸಿ.

ಶಾಲೆಯ ಕಾರ್ಯಕ್ರಮದಲ್ಲಿ ತೋರಿಸಬಹುದೇ? — ಚಿತ್ರದುರ್ಗ

ಚಿತ್ರಗಳನ್ನು ತೋರಿಸಬಹುದು. ಭಾರತದ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಅಮೆರಿಕದಲ್ಲೂ 1927ರವು 2023ರ ಜನವರಿ 1ಕ್ಕೆ, 1928ರವು 2024ರ ಜನವರಿ 1ಕ್ಕೆ ಮುಕ್ತವಾದವು. ಇತ್ತೀಚೆಗೆ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕಿರುತ್ತದೆ, ಅದನ್ನು ಮ್ಯೂಟ್ ಮಾಡಿ ನಿಮ್ಮ ಮಕ್ಕಳಿಂದಲೇ ಹಾರ್ಮೋನಿಯಂ, ತಬಲ ನುಡಿಸಿ. ಮೂಕಿ ಚಿತ್ರ ನೋಡಬೇಕಾದ್ದೇ ಹಾಗೆ. ಆಸ್ವಾಲ್ಡ್ ಹೆಸರು, ಚಿತ್ರ ಹಾಕಿ ಟೀ-ಶರ್ಟ್ ಮಾರುವುದು ಬೇಡ, ಟ್ರೇಡ್‌ಮಾರ್ಕ್ ಇನ್ನೂ ಡಿಸ್ನಿಯದು.

ನಮ್ಮಲ್ಲೂ ಇಂಥ ಕಳೆದುಹೋದ ಅನಿಮೇಷನ್ ಇದೆಯೇ? — ತುಮಕೂರು, ದುಬೈ

ಇದೆ. ದಾದಾಸಾಹೇಬ್ ಫಾಲ್ಕೆ 1915ರಲ್ಲಿ 'ಆಗ್‌ಕಾಡ್ಯಾಂಚಿ ಮೌಜ್' ಎಂಬ ಚಿತ್ರ ಮಾಡಿದ್ದರು. ಬೆಂಕಿಕಡ್ಡಿಗಳನ್ನು ಫ್ರೇಮಿಗಿಷ್ಟು ಸರಿಸಿ ಸರಿಸಿ ತಾವಾಗಿ ಕುಣಿಯುವಂತೆ ತೋರಿಸಿದ್ದು. ಅದರ ಪ್ರತಿ ಇಲ್ಲ. ಪುಣೆಯ ನೈಟ್ರೇಟ್ ಉಗ್ರಾಣಕ್ಕೆ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಭಾರತದ ಹಳೆಯ ಚಿತ್ರಗಳ ಅಪಾರ ಸಂಗ್ರಹ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ 'ಸತಿ ಸುಲೋಚನ'ದ ಒಂದು ಪ್ರಿಂಟೂ ನಮ್ಮ ಬಳಿ ಇಲ್ಲ. ವೈ.ವಿ. ರಾವ್ ಅದನ್ನು ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ್ದರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ್ದರು. ಹಳೆಯ ಟೂರಿಂಗ್ ಟಾಕೀಸು ನಡೆಸಿದ ಮನೆತನಗಳಲ್ಲಿ, ಹಂಚಿಕೆದಾರರ ಗೋದಾಮುಗಳಲ್ಲಿ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯ ಗುಜರಿ ಅಂಗಡಿಗಳಲ್ಲಿ 35 ಎಂಎಂ ಡಬ್ಬಿ ಕಂಡರೆ ದಯವಿಟ್ಟು ಬೆಳ್ಳಿಗೆಂದು ಕರಗಿಸಲು ಬಿಡಬೇಡಿ. ಶಿರಸಿಯವರಿಗೆ ಹೇಳಿದ ಹಾಗೆಯೇ ಅಂಚು ಸಮೇತ ಫೋಟೊ ತೆಗೆದು, ಅಗಲ, 100 ತೂತಿನ ಅಳತೆ, ಡಬ್ಬಿಯ ಮೇಲಿನ ಬರಹ ಇಷ್ಟನ್ನು ಬರೆದು ಪುಣೆಗೆ ಕಳಿಸಿ. ನಮಗೆ ಕಳಿಸಿದರೂ ಗುರುತಿಸಲು ನೆರವಾಗುತ್ತೇವೆ. ಫಿಲಂ ಮಾತ್ರ ನಮ್ಮ ಕಚೇರಿಗೆ ಕಳಿಸಬೇಡಿ, ಅದನ್ನು ಇಡುವ ತಂಪು ಕೋಣೆ ನಮ್ಮಲ್ಲಿಲ್ಲ.